ಅಪ್ಪನ ರಿಪೋರ್ಟಿನಲ್ಲಿ ವಿಇಜಿಎಫ್ ಹೆಚ್ಚು ಬಂದಿದೆ: ಸಿಎಲ್‌ಎಲ್ ಬೇಗ ಬಲಿಯುತ್ತದೆ ಎಂದರ್ಥವೇ?

ನಿದ್ದೆಗೆಟ್ಟವಳು

ಅಪ್ಪನಿಗೆ ಅರವತ್ತೆಂಟು ವರ್ಷ. ಹದಿನಾಲ್ಕು ತಿಂಗಳ ಹಿಂದೆ ಬೇರಾವುದೋ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ರಕ್ತಕಣ ಹೆಚ್ಚಿರುವುದು ಗೊತ್ತಾಯಿತು. ಕೊನೆಗೆ ಅದು ಸಿಎಲ್‌ಎಲ್, ಅಂದರೆ ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂದು ಖಚಿತವಾಯಿತು. ಬಿನೆ ಎ ಹಂತ, ರಾಯ್ ಸೊನ್ನೆ, ಅಂದರೆ ಎರಡೂ ಅಳತೆಗಳಲ್ಲಿ ತೀರ ಆರಂಭದ ಹಂತ. ಸದ್ಯ ಚಿಕಿತ್ಸೆ ಬೇಡ, ಮೂರು ತಿಂಗಳಿಗೊಮ್ಮೆ ತೋರಿಸಿ ಎಂದರು. ಅಪ್ಪ ಆರಾಮವಾಗಿದ್ದಾರೆ. ಆರಾಮವಿಲ್ಲದವಳು ನಾನು.

ಸುಮ್ಮನೆ ಕೂರಲಾಗದೆ, ವೈದ್ಯರನ್ನು ಕೇಳದೆಯೇ, ಒಂದು ಪ್ರಯೋಗಾಲಯದ ‘ಕ್ಯಾನ್ಸರ್ ಮುನ್ನೋಟ ಪ್ಯಾಕೇಜ್’ ಮಾಡಿಸಿದೆ. ಬಂದ ಹಾಳೆಯಲ್ಲಿ ‘ವಿಇಜಿಎಫ್, ಸೀರಮ್: ಪ್ರತಿ ಮಿಲಿಲೀಟರಿಗೆ 612 ಪಿಕೋಗ್ರಾಂ’ ಎಂದಿದೆ, ಪಕ್ಕದಲ್ಲಿ ಮೇಲ್ಮುಖದ ಕೆಂಪು ಬಾಣ. ಇದು ಹೊಸ ರಕ್ತನಾಳಗಳನ್ನು ಬೆಳೆಸುವ ಪ್ರೋಟೀನ್ ಎಂದೂ, ಆರಂಭದ ಹಂತದ ಸಿಎಲ್‌ಎಲ್‌ನಲ್ಲಿ ಇದು ಹೆಚ್ಚಿದ್ದವರಿಗೆ ರೋಗ ಬೇಗ ಮುಂದುವರಿಯುತ್ತದೆ ಎಂದೂ ರಾತ್ರಿ ಎರಡು ಗಂಟೆಗೆ ಓದಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಬಲ್ಲವರು ದಯವಿಟ್ಟು ಹೇಳಿ, ಈ ಅಂಕಿಯನ್ನು ಎಷ್ಟು ನಂಬಬೇಕು?

ಸಂಚಾಲಕ

ರಿಪೋರ್ಟಿನ ಫೋಟೋ ತೆಗೆದುಹಾಕಿದ್ದೇನೆ. ಅದರಲ್ಲಿ ನಿಮ್ಮ ತಂದೆಯವರ ಹೆಸರು, ಫೋನ್ ಸಂಖ್ಯೆ ಎರಡೂ ಕಾಣುತ್ತಿದ್ದವು. ಚರ್ಚೆ ಮುಂದುವರಿಯಲಿ.

ಎಂಟನೆಯ ವರ್ಷ

ತಂಗೀ, ನನಗೂ ಇದೇ ಕಾಯಿಲೆ. ಎಂಟು ವರ್ಷವಾಯಿತು, ಇನ್ನೂ ಒಂದು ಮಾತ್ರೆ ನುಂಗಿಲ್ಲ. ನನ್ನ ಕಡತ ಮೂರು ಬೆರಳು ದಪ್ಪವಿದೆ, ಅದರಲ್ಲಿ ವಿಇಜಿಎಫ್ ಎಂಬ ಪದ ಒಂದೇ ಒಂದು ಸಲವೂ ಬಂದಿಲ್ಲ. ನಿಮ್ಮ ವೈದ್ಯರು ಅದನ್ನು ಬರೆದುಕೊಡದೆ ಇದ್ದದ್ದು ಮರೆವಿನಿಂದಲ್ಲ ಎಂದುಕೊಳ್ಳಿ.

ನನ್ನದು ಬೇರೆ ಪ್ರಶ್ನೆ. ಐಜಿಹೆಚ್‌ವಿ ಪರೀಕ್ಷೆ, ಅಂದರೆ ಕ್ಯಾನ್ಸರ್ ಕಣದ ಪ್ರತಿಕಾಯ ವಂಶವಾಹಿ ರೂಪಾಂತರಗೊಂಡಿದೆಯೇ ಎಂದು ನೋಡುವುದು, ಆಗಿದೆಯೇ? (ರೂಪಾಂತರಗೊಂಡಿದ್ದರೆ ಒಳ್ಳೆಯದು.) ವರ್ಣತಂತುಗಳಲ್ಲಿ ಲೋಪ ಹುಡುಕುವ ಫಿಶ್ ಪರೀಕ್ಷೆಯಲ್ಲಿ 17ನೆಯ ವರ್ಣತಂತುವಿನ 17ಪಿ ಭಾಗದ ಬಗ್ಗೆ ಏನು ಬರೆದಿದ್ದಾರೆ? ಅದೇ ಭಾಗದಲ್ಲಿರುವ, ಕ್ಯಾನ್ಸರ್ ತಡೆಯುವ ಟಿಪಿ53 ವಂಶವಾಹಿಯ ರೂಪಾಂತರ ನೋಡಿದ್ದಾರೆಯೇ? ರೋಗದ ಹೊರೆ ತೋರಿಸುವ ರಕ್ತದ ಪ್ರೋಟೀನ್ ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಷ್ಟು? ಇವು ಕೈಯಲ್ಲಿದ್ದರೆ ಹಾಕಿ, ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಕೇಳಿ.

ಗಾಜುಪಟ್ಟಿ

ನಾನು ಪೆಥಾಲಜಿಸ್ಟ್. ದಿನವಿಡೀ ಸೂಕ್ಷ್ಮದರ್ಶಕದ ಮುಂದೆ ಕೂರುವುದೇ ಕೆಲಸ, ರೋಗಿಗಳ ಮುಖ ಕಾಣುವುದು ಕಡಿಮೆ. ಆದ್ದರಿಂದ ಮಾತು ಒರಟಾದರೆ ಕ್ಷಮಿಸಿ.

ಮೊದಲು ಒಂದು ಸಣ್ಣ ಪ್ರಶ್ನೆ: ರಕ್ತ ತೆಗೆದ ನಳಿಕೆಯ ಮುಚ್ಚಳ ಯಾವ ಬಣ್ಣದ್ದಿತ್ತು? ನೇರಳೆಯೋ, ಕೆಂಪೋ, ಹಳದಿಯೋ? ಇದು ಕಾಲಹರಣದ ಪ್ರಶ್ನೆಯಲ್ಲ. ವಿಇಜಿಎಫ್ ನಮ್ಮ ಪ್ಲೇಟ್‌ಲೆಟ್‌ಗಳ ಹೊಟ್ಟೆಯಲ್ಲಿ ತುಂಬಿಕೊಂಡಿರುತ್ತದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಬೇಕು, ಆಮೇಲೆ ಅಲ್ಲಿ ಹೊಸ ನಾಳ ಬೆಳೆದು ಗಾಯ ಮಾಯಬೇಕು. ಅದಕ್ಕಾಗಿಯೇ ಈ ದಾಸ್ತಾನು. ಸೀರಮ್ ಬೇಕೆಂದರೆ ರಕ್ತವನ್ನು ನಳಿಕೆಯಲ್ಲಿ ಹೆಪ್ಪುಗಟ್ಟಲು ಬಿಡುತ್ತಾರೆ. ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಒಡೆದು ತಮ್ಮಲ್ಲಿದ್ದುದನ್ನೆಲ್ಲ ಸುರಿದುಬಿಡುತ್ತವೆ. ಕೆಂಪು, ಹಳದಿ ಮುಚ್ಚಳ ಸೀರಮ್ ತೆಗೆಯಲು; ನೇರಳೆಯದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆದು ಪ್ಲಾಸ್ಮಾ ತೆಗೆಯುತ್ತಾರೆ. ಹಾಗಾಗಿ ಅದೇ ಮನುಷ್ಯನ ಅದೇ ಹೊತ್ತಿನ ರಕ್ತದಲ್ಲಿ ಪ್ಲಾಸ್ಮಾದ ಅಂಕಿಗಿಂತ ಸೀರಮ್‌ನ ಅಂಕಿ ಹಲವು ಪಟ್ಟು ಮೇಲಿರುತ್ತದೆ. ನಳಿಕೆ ಮೇಜಿನ ಮೇಲೆ ಎಷ್ಟು ಹೊತ್ತು ಕೂತಿತ್ತು ಎಂಬುದರ ಮೇಲೂ ಅಂಕಿ ಏರಬಹುದು. ನಿಮ್ಮ ಹಾಳೆಯಲ್ಲಿರುವ 612ರಲ್ಲಿ ರೋಗದ್ದೆಷ್ಟು, ನಳಿಕೆಯಲ್ಲಿ ಹುಟ್ಟಿದ್ದೆಷ್ಟು ಎಂದು ಬೇರ್ಪಡಿಸುವ ದಾರಿ ಈಗ ಇಲ್ಲ.

ಎರಡನೆಯ ಪ್ರಶ್ನೆ: ಇತ್ತೀಚೆಗೆ ಅವರಿಗೆ ಗಾಯ, ಶಸ್ತ್ರಚಿಕಿತ್ಸೆ, ಸೋಂಕು ಏನಾದರೂ ಆಗಿತ್ತೇ?

ಕುತೂಹಲಿ

ನಡುವೆ ಬಾಯಿ ಹಾಕುತ್ತಿದ್ದೇನೆ. ರಕ್ತನಾಳ ಬೆಳೆಸಿಕೊಳ್ಳುವುದು ಗಡ್ಡೆಯ ಕ್ಯಾನ್ಸರ್‌ಗಳ ಚಾಳಿ ಎಂದು ಓದಿದ್ದೆ. ಲ್ಯುಕೇಮಿಯಾ ರಕ್ತದಲ್ಲೇ ತೇಲುವ ಕಾಯಿಲೆಯಲ್ಲವೇ? ನದಿಯಲ್ಲಿರುವ ಮೀನಿಗೆ ನಲ್ಲಿ ಏಕೆ ಬೇಕು?

ಗಾಜುಪಟ್ಟಿ

ಮೀನಿನ ಮಾತು ಚೆನ್ನಾಗಿದೆ. ಬಹಳ ಕಾಲ ತಜ್ಞರೂ ಹೀಗೆಯೇ ಎಣಿಸಿದ್ದರು. ಗಡ್ಡೆ ಬೆಳೆಯಬೇಕಾದರೆ ಹೊಸ ರಕ್ತನಾಳ ಬೇಕೇ ಬೇಕು, ಅದನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದು ಎಂದು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ವಾದ ಮಂಡಿಸಿದರು. ವಿಇಜಿಎಫ್‌ನ ವಂಶವಾಹಿಯನ್ನು ನೆಪೋಲಿಯೋನ್ ಫೆರಾರಾ ಅವರ ತಂಡ ಪ್ರತ್ಯೇಕಿಸಿದ್ದು 1989ರಲ್ಲಿ. ರಕ್ತದ ಕ್ಯಾನ್ಸರ್‌ಗಳ ಕಡೆಗೆ ಗಮನ ಹರಿದದ್ದು ತಡವಾಗಿ. ಆದರೆ ಲ್ಯುಕೇಮಿಯಾದ ಕಣಗಳು ಹುಟ್ಟಿ ಬೆಳೆಯುವುದು ರಕ್ತದಲ್ಲಲ್ಲ, ಅಸ್ಥಿಮಜ್ಜೆಯಲ್ಲಿ. ಸಿಎಲ್‌ಎಲ್‌ನಲ್ಲಂತೂ ಮಜ್ಜೆ ಮತ್ತು ದುಗ್ಧಗ್ರಂಥಿಗಳೇ ಅವುಗಳ ಮನೆ. ರಕ್ತದಲ್ಲಿ ಕಾಣುವವು ಮನೆಯಿಂದ ಹೊರಗೆ ಸುತ್ತಾಡಲು ಬಂದವು.

ಮಜ್ಜೆಯಲ್ಲಿ ನಾಳ ಎಣಿಸುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಸೊಂಟದ ಮೂಳೆಯಿಂದ ತೆಗೆದ ಚೂರು ಬೆಂಕಿಕಡ್ಡಿಗಿಂತ ತೆಳ್ಳಗೆ, ಒಂದೂವರೆ ಎರಡು ಸೆಂಟಿಮೀಟರ್ ಉದ್ದ. ಅದರ ಸುಣ್ಣ ಕರಗಿಸಿ, ಮೇಣದಲ್ಲಿ ಕೂರಿಸಿ, ಪದರ ಪದರವಾಗಿ ಕೊಯ್ದು, ಸಿಡಿ34 ಎಂಬ ಗುರುತಿಗೆ ಬಣ್ಣ ಹಾಕುತ್ತೇವೆ. ನಾಳದ ಒಳಗೋಡೆಯ ಕಣಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಕಡಿಮೆ ವರ್ಧನೆಯಲ್ಲಿ ಗಾಜುಪಟ್ಟಿಯನ್ನೆಲ್ಲ ಸುತ್ತಿ, ಕಂದು ಗೆರೆಗಳು ದಟ್ಟವಾಗಿರುವ ಮೂರು ನಾಲ್ಕು ಜಾಗ ಆರಿಸಿಕೊಂಡು, ಅಲ್ಲಿ ಹೆಚ್ಚಿನ ವರ್ಧನೆಯಲ್ಲಿ ಎಣಿಸುತ್ತೇವೆ. ಇದೇ ಸೂಕ್ಷ್ಮನಾಳ ಸಾಂದ್ರತೆ.

ಕೇಳಲು ಸುಲಭ. ಮಾಡಲು ಕೂತರೆ, ಅಂಕುಡೊಂಕಾದ ಒಂದೇ ನಾಳ ಎರಡು ಕಡೆ ಕೊಯ್ದುಹೋಗಿ ಎರಡಾಗಿ ಕಾಣುತ್ತದೆ. ಸಿಡಿ34 ಎಳೆಯ ರಕ್ತಕಣಗಳಲ್ಲೂ ಇರುತ್ತದೆ, ಅವೂ ಕಂದಾಗುತ್ತವೆ. ಬದಲಿಗೆ ಫ್ಯಾಕ್ಟರ್ 8ಕ್ಕೆ ಸಂಬಂಧಿಸಿದ ಬಣ್ಣ ಬಳಸಿದರೆ ಪ್ಲೇಟ್‌ಲೆಟ್ ಹುಟ್ಟಿಸುವ ದೊಡ್ಡ ಕಣಗಳಾದ ಮೆಗಾಕ್ಯಾರಿಯೋಸೈಟ್‌ಗಳು ಎದ್ದು ಕೂರುತ್ತವೆ. ಸುಣ್ಣ ಕರಗಿಸಲು ಕಟು ಆಮ್ಲ ಬಳಸಿದ್ದರೆ ಬಣ್ಣವೇ ಹಿಡಿಯದು. ದಟ್ಟ ಜಾಗ ಆರಿಸುವುದು ನನ್ನ ಕಣ್ಣು. ನಾನು ಎಣಿಸಿದ್ದನ್ನು ಸಹೋದ್ಯೋಗಿ ಎಣಿಸಿದರೆ ಬೇರೆ ಅಂಕಿ ಬರುತ್ತದೆ. ಊಟದ ನಂತರ ನಾನೇ ಎಣಿಸಿದರೂ ಬೇರೆ ಬಂದದ್ದುಂಟು.

ಹೀಗಾಗಿಯೇ ಫಲಿತಾಂಶಗಳೂ ಒಂದೇ ದಿಕ್ಕಿನಲ್ಲಿಲ್ಲ. 2000ದಲ್ಲಿ ಪ್ರಕಟವಾದ, ಬೇರೆ ಬೇರೆ ಲ್ಯುಕೇಮಿಯಾಗಳ ಮಜ್ಜೆಗಳನ್ನು ಹೋಲಿಸಿದ ಅಧ್ಯಯನವೊಂದರಲ್ಲಿ ಉಳಿದೆಲ್ಲ ಕಡೆ ನಾಳ ಹೆಚ್ಚಿತ್ತು, ಸಿಎಲ್‌ಎಲ್ ಮಾತ್ರ ಆರೋಗ್ಯವಂತರಿಗಿಂತ ಗಮನಾರ್ಹವಾಗಿ ಬೇರೆಯಿರಲಿಲ್ಲ. ಅದೇ ಕಾಲದ ಬೇರೆ ತಂಡಗಳು ಸಿಎಲ್‌ಎಲ್‌ನಲ್ಲೂ ಹೆಚ್ಚು ಎಂದವು, ನಾಳ ಹೆಚ್ಚಿದ್ದವರಿಗೆ ಚಿಕಿತ್ಸೆ ಬೇಗ ಬೇಕಾಯಿತು ಎಂದೂ ಹೇಳಿದವು.

ಅಂಕಿಗಣ್ಣು

ನಿದ್ದೆಗೆಟ್ಟವಳು ಅವರೇ, ನೀವು ರಾತ್ರಿ ಎರಡಕ್ಕೆ ಓದಿದ್ದು ಸುಳ್ಳಲ್ಲ. ಬಿನೆ ಎ ಹಂತದವರಲ್ಲಿ ಸೀರಮ್ ವಿಇಜಿಎಫ್ ಹೆಚ್ಚಿದ್ದರೆ ರೋಗ ಬೇಗ ಮುಂದುವರಿಯಿತು ಎಂಬ ವರದಿ ಇದೆ. ವಿಇಜಿಎಫ್ ಅಂಟಿಕೊಳ್ಳುವ ಎರಡನೆಯ ಗ್ರಾಹಕದ ಪ್ರಮಾಣ ಹೆಚ್ಚಿದ್ದವರ ಆಯುಷ್ಯ ಕಡಿಮೆ ಎಂಬ 2001ರ ವರದಿ ಇದೆ. ಆಂಜಿಯೋಪೊಯೆಟಿನ್-2 ಎಂಬ ಇನ್ನೊಂದು ಪ್ರೋಟೀನಿನ ಬಗ್ಗೆ 2010ರಲ್ಲಿ ಬಂದ ಅಧ್ಯಯನ ಇವುಗಳಿಗಿಂತ ಗಟ್ಟಿ. ಅದು ಪ್ಲಾಸ್ಮಾದಲ್ಲಿ ಅಳೆದದ್ದು, ಮೊದಲ ಚಿಕಿತ್ಸೆಯವರೆಗಿನ ಅವಧಿಗೂ ಬದುಕುಳಿಯುವಿಕೆಗೂ ಅದರ ನಂಟು ಕಂಡಿತು. ನಾನು ಸಂಖ್ಯಾಶಾಸ್ತ್ರದವನು. ಸುಳ್ಳಲ್ಲದ ಮಾತು ನಿಮ್ಮ ತಂದೆಯವರಿಗೆ ಏಕೆ ಹಾಗೆಯೇ ಅನ್ವಯಿಸುವುದಿಲ್ಲ ಎಂಬುದಷ್ಟೇ ನನ್ನ ಭಾಗ.

ಸುಮ್ಮನೆ ಊಹಿಸಿಕೊಂಡ ಅಂಕಿಗಳಿಂದ ಹೇಳುತ್ತೇನೆ. ನೂರು ರೋಗಿಗಳನ್ನು ವಿಇಜಿಎಫ್ ಪ್ರಕಾರ ಸಾಲಾಗಿ ನಿಲ್ಲಿಸಿ, ನಡುವೆ ಗೆರೆ ಎಳೆದು, ಐವತ್ತು ಐವತ್ತು ಮಾಡಿದೆವು. ಮೂರು ವರ್ಷದ ನಂತರ ಹೆಚ್ಚಿನವರ ಗುಂಪಿನಲ್ಲಿ ಇಪ್ಪತ್ತೈದು ಮಂದಿಗೆ, ಕಡಿಮೆಯವರ ಗುಂಪಿನಲ್ಲಿ ಹನ್ನೆರಡು ಮಂದಿಗೆ ಚಿಕಿತ್ಸೆ ಬೇಕಾಯಿತು. ಪತ್ರಿಕೆಯಲ್ಲಿ ಇದು ‘ಎರಡು ಪಟ್ಟು ಅಪಾಯ’ ಎಂದು ಅಚ್ಚಾಗುತ್ತದೆ. ಆದರೆ ಹೆಚ್ಚಿನವರ ಗುಂಪಿನಲ್ಲೇ ಇಪ್ಪತ್ತೈದು ಮಂದಿ ಏನೂ ಆಗದೆ ಓಡಾಡುತ್ತಿದ್ದಾರೆ. ನಿಮ್ಮ ತಂದೆ ಯಾವ ಇಪ್ಪತ್ತೈದರಲ್ಲಿದ್ದಾರೆ ಎಂದು ಆ ಅಂಕಿ ಹೇಳುವುದಿಲ್ಲ.

ಇನ್ನು ಆ ಗೆರೆ. ಒಂದು ತಂಡ ನಟ್ಟನಡುವೆ ಎಳೆಯುತ್ತದೆ. ಇನ್ನೊಂದು, ಗೆರೆಯನ್ನು ಅತ್ತಿತ್ತ ಸರಿಸಿ ವ್ಯತ್ಯಾಸ ಅತಿ ದೊಡ್ಡದಾಗಿ ಕಾಣುವ ಜಾಗದಲ್ಲಿ ನಿಲ್ಲಿಸುತ್ತದೆ. ಬಾಣ ಎಲ್ಲಿ ನೆಟ್ಟಿದೆಯೋ ಅದರ ಸುತ್ತ ಗುರಿಯ ವೃತ್ತ ಬರೆದಂತೆ. ಬೇರೆ ಆಸ್ಪತ್ರೆಯ ರೋಗಿಗಳ ಮೇಲೆ ಅದೇ ಗೆರೆ ಇಟ್ಟರೆ ಅಂತರ ಕರಗಿಹೋಗುತ್ತದೆ. ಇಂತಹ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕೆಂದು 2005ರಲ್ಲಿ ರಿಮಾರ್ಕ್ ಎಂಬ ಮಾರ್ಗಸೂಚಿ ಹೊರಡಿಸಬೇಕಾಗಿ ಬಂದದ್ದು ಸುಮ್ಮನಲ್ಲ.

ಮೂರನೆಯದು ನನ್ನನ್ನು ಹೆಚ್ಚು ಕಾಡುವ ವಿಷಯ. ಸಿಎಲ್‌ಎಲ್ ಕಣಗಳೇ ವಿಇಜಿಎಫ್ ತಯಾರಿಸುತ್ತವೆ. ಗೂಡಿನಲ್ಲಿ ಜೇನುನೊಣ ಹೆಚ್ಚಿದಷ್ಟೂ ಝೇಂಕಾರ ಹೆಚ್ಚು. ಝೇಂಕಾರ ಅಳೆದು ಹೊಸದನ್ನು ಕಂಡುಹಿಡಿದೆ ಎನ್ನುವವನನ್ನು, ‘ಮೊದಲು ನೊಣ ಎಣಿಸಿದೆಯಾ?’ ಎಂದು ಕೇಳಬೇಕಾಗುತ್ತದೆ. ಹಂತ, ಐಜಿಹೆಚ್‌ವಿ, ಟಿಪಿ53 ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಸೂಚಕ ಹೆಚ್ಚಿನದೇನಾದರೂ ಹೇಳಬೇಕು. ಹೇಳದಿದ್ದರೆ ಅದು ಹಳೆಯ ಸುದ್ದಿಯ ಹೊಸ ಪ್ರತಿ.

2016ರ ಸಿಎಲ್‌ಎಲ್-ಐಪಿಐ ಅಂಕಪಟ್ಟಿಯನ್ನೇ ನೋಡಿ. ಹಲವು ಪ್ರಯೋಗಗಳ ಸಾವಿರಾರು ರೋಗಿಗಳಲ್ಲಿ ಹತ್ತಾರು ಅಂಶಗಳನ್ನು ಸೋಸಿ ಐದನ್ನು ಉಳಿಸಿಕೊಂಡರು. 17ಪಿ ಲೋಪ ಅಥವಾ ಟಿಪಿ53 ರೂಪಾಂತರವಿದ್ದರೆ 4 ಅಂಕ. ಐಜಿಹೆಚ್‌ವಿ ರೂಪಾಂತರಗೊಳ್ಳದಿದ್ದರೆ 2. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಲೀಟರಿಗೆ 3.5 ಮಿಲಿಗ್ರಾಂ ಮೀರಿದರೆ 2. ರಾಯ್ ಒಂದರಿಂದ ನಾಲ್ಕರ ಹಂತಕ್ಕೆ, ಅಥವಾ ಬಿನೆ ಬಿ, ಸಿ ಆಗಿದ್ದರೆ 1. ವಯಸ್ಸು 65 ದಾಟಿದ್ದರೆ 1. ಒಟ್ಟು 0ಯಿಂದ 1 ಬಂದವರು ಕಡಿಮೆ ಅಪಾಯದವರು. ಆ ಗುಂಪಿನಲ್ಲಿ ಐದು ವರ್ಷದ ನಂತರವೂ ಶೇ. 93ರಷ್ಟು ಜನ ಬದುಕಿದ್ದರು. ರಕ್ತನಾಳದ ಸೂಚಕ ಒಂದೂ ಈ ಐದರಲ್ಲಿಲ್ಲ.

ಕುತೂಹಲಿ

ಒಪ್ಪಿದೆ. ಆದರೆ ನಾಳ ಬೆಳೆಯುವುದನ್ನು ತಡೆಯುವ ಔಷಧವೇ ಇದೆಯಲ್ಲ? ಬೆವಾಸಿಜುಮ್ಯಾಬ್ 2004ರಲ್ಲೇ ದೊಡ್ಡ ಕರುಳಿನ ಕ್ಯಾನ್ಸರಿಗೆ ಅಮೆರಿಕದಲ್ಲಿ ಅನುಮತಿ ಪಡೆಯಿತು. ವಿಇಜಿಎಫ್ ಹೆಚ್ಚಿರುವ ಸಿಎಲ್‌ಎಲ್ ರೋಗಿಗೆ ಅದನ್ನೇ ಕೊಟ್ಟರಾಯಿತು! ಗ್ರೀನ್ ಟೀ ಕುಡಿದರೂ ವಿಇಜಿಎಫ್ ತಗ್ಗುತ್ತದೆ ಎಂದು ಎಲ್ಲೋ ಓದಿದೆ.

ಗಾಜುಪಟ್ಟಿ

ಕೊಟ್ಟು ನೋಡಿಯಾಗಿದೆ. ಸಿಎಲ್‌ಎಲ್‌ನಲ್ಲಿ ಬೆವಾಸಿಜುಮ್ಯಾಬ್ ಒಂದನ್ನೇ ಕೊಟ್ಟಾಗ ಹೇಳಿಕೊಳ್ಳುವಂತಹ ಫಲ ಸಿಗಲಿಲ್ಲ. ಅಡ್ಡಪರಿಣಾಮ ಮಾತ್ರ ತಪ್ಪುವುದಿಲ್ಲ: ರಕ್ತದೊತ್ತಡ ಏರುವುದು, ರಕ್ತಸ್ರಾವ, ಗಾಯ ಮಾಯದಿರುವುದು. ಮುಂದೇನಾಗಬಹುದು ಎಂದು ಹೇಳುವ ಸೂಚಕ ಬೇರೆ, ಯಾವ ಔಷಧ ಹಿಡಿಯುತ್ತದೆ ಎಂದು ಹೇಳುವ ಸೂಚಕ ಬೇರೆ. ಟಿಪಿ53 ಎರಡೂ ಕೆಲಸ ಮಾಡುತ್ತದೆ. ಅದು ಕೆಟ್ಟಿದ್ದರೆ ಹಳೆಯ ಕೀಮೋ ಕೈಕೊಡುತ್ತದೆ ಎಂದು ಗೊತ್ತು, ಆದ್ದರಿಂದ ಬೇರೆ ದಾರಿ ಹಿಡಿಯುತ್ತಾರೆ. ವಿಇಜಿಎಫ್ ಅಂಕಿ ನೋಡಿ ಯಾವ ವೈದ್ಯರೂ ದಾರಿ ಬದಲಿಸುವುದಿಲ್ಲ.

ಗ್ರೀನ್ ಟೀ ಕಥೆಗೆ ಬೇರಿದೆ, ನಗುವ ಹಾಗಿಲ್ಲ. ಸಿಎಲ್‌ಎಲ್ ಕಣ ತಾನೇ ವಿಇಜಿಎಫ್ ಸುರಿಸಿ, ತನ್ನದೇ ಮೈಮೇಲಿನ ಗ್ರಾಹಕಗಳಿಂದ ಅದನ್ನು ಹಿಡಿದುಕೊಂಡು, ಸಾಯದೆ ಉಳಿಯಲು ಅದನ್ನು ಬಳಸುತ್ತದೆ. ಅಂದರೆ ಇಲ್ಲಿ ವಿಇಜಿಎಫ್‌ನ ಕೆಲಸ ನಾಳ ಬೆಳೆಸುವುದಷ್ಟೇ ಅಲ್ಲ. ಕುತೂಹಲಿಗಳ ಮೀನಿಗೆ ನಲ್ಲಿ ಬೇಡವಾದರೂ ಈ ಪ್ರೋಟೀನು ಬೇಕು. ಗ್ರೀನ್ ಟೀಯಲ್ಲಿರುವ ಇಜಿಸಿಜಿ ಎಂಬ ಅಂಶ ಈ ಸರಪಳಿಯನ್ನು ಕಡಿದು ಕಣಗಳನ್ನು ಸಾಯಿಸಿತು ಎಂದು 2004ರಲ್ಲಿ ಪ್ರಯೋಗಾಲಯದ ವರದಿ ಬಂತು. ನಂತರ ಮೇಯೋ ಕ್ಲಿನಿಕ್‌ನಲ್ಲಿ ಅದರ ಸಾರದ ಮಾತ್ರೆಯನ್ನು ಆರಂಭ ಹಂತದ ರೋಗಿಗಳಿಗೆ ಕೊಟ್ಟು ನೋಡಿದರು. ಕೆಲವರಲ್ಲಿ ಲಿಂಫೋಸೈಟ್ (ಈ ಕಾಯಿಲೆಯಲ್ಲಿ ಹೆಚ್ಚುವ ಬಿಳಿ ರಕ್ತಕಣ) ಸ್ವಲ್ಪ ಇಳಿಯಿತು, ಕೆಲವರ ಗ್ರಂಥಿ ಕುಗ್ಗಿತು. ಆದರೆ ಮಾತ್ರೆ ತೆಗೆದುಕೊಳ್ಳದ ಹೋಲಿಕೆಯ ಗುಂಪು ಇರಲಿಲ್ಲ, ಆಯುಷ್ಯ ಹೆಚ್ಚಿತೆಂಬ ಪುರಾವೆ ಇಲ್ಲ, ಯಕೃತ್ತಿನ ಕಿಣ್ವ ಏರಿದವರೂ ಇದ್ದರು. ಸಾರದ ಮಾತ್ರೆಯನ್ನು ವೈದ್ಯರಿಗೆ ಹೇಳದೆ ನುಂಗಬೇಡಿ. ಒಂದು ಲೋಟ ಚಹಾ ಕುಡಿಯುವವರ ತಂಟೆಗೆ ನಾನು ಬರುವುದಿಲ್ಲ.

ಮಾತ್ರೆ ದಿನಕ್ಕೊಂದು

ನನ್ನದು ಸಿಎಂಎಲ್, ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ. ಹೆಸರಿನಲ್ಲಿ ಅರ್ಧ ಒಂದೇ, ಕಾಯಿಲೆ ಪೂರ್ತಿ ಬೇರೆ. ಗಾಜುಪಟ್ಟಿ ಅವರು ಹೇಳಿದ ಹೋಲಿಕೆಯಲ್ಲಿ ಮಜ್ಜೆಯಲ್ಲಿ ಅತಿ ಹೆಚ್ಚು ನಾಳ ಕಂಡದ್ದು ನಮ್ಮ ಪಾಲಿಗೆ. ಬಿಸಿಆರ್-ಎಬಿಎಲ್ ಎಂಬ ಕೆಟ್ಟ ಪ್ರೋಟೀನೇ ಕಣಗಳನ್ನು ಚುಚ್ಚಿ ವಿಇಜಿಎಫ್ ಹೆಚ್ಚು ಮಾಡಿಸುತ್ತದೆಯಂತೆ. ವಿಇಜಿಎಫ್ ಹೆಚ್ಚಿದ್ದ ಸಿಎಂಎಲ್ ರೋಗಿಗಳು ಕಡಿಮೆ ಕಾಲ ಬದುಕಿದರು ಎಂದು 2002ರಲ್ಲಿ ವರದಿಯಾಯಿತು.

ಆದರೆ 2001ರಲ್ಲೇ ಇಮ್ಯಾಟಿನಿಬ್ ಬಂದಾಗಿತ್ತು! ಆ ಮಾತ್ರೆ ಬಿಸಿಆರ್-ಎಬಿಎಲ್‌ನ ಬಾಯಿ ಮುಚ್ಚಿಸಿತು, ವಿಇಜಿಎಫ್ ತಾನಾಗಿ ಇಳಿಯಿತು, ಮಜ್ಜೆಯ ನಾಳಗಳೂ ಕಡಿಮೆಯಾದವು. ಬೇರು ಕಿತ್ತ ಮೇಲೆ ಎಲೆ ಎಣಿಸುವವರು ಯಾರು? ಈಗ ನನ್ನ ಪಾಲಿಗಿರುವುದು ಒಂದೇ ಅಂಕಿ, ಬಿಸಿಆರ್-ಎಬಿಎಲ್ ಶೇಕಡಾವಾರು. ಮೂರು ತಿಂಗಳಿಗೆ ಶೇ. 10ರೊಳಗೆ, ಆರು ತಿಂಗಳಿಗೆ ಶೇ. 1ರೊಳಗೆ, ವರ್ಷಕ್ಕೆ ಶೇ. 0.1ರೊಳಗೆ ಬರಬೇಕು. ನನಗೆ ವರ್ಷದ ಗುರಿ ಮುಟ್ಟಲು ಹದಿನೈದು ತಿಂಗಳು ಹಿಡಿಯಿತು. ಆ ಮೂರು ತಿಂಗಳು ನಾನೂ ನಿದ್ದೆಗೆಟ್ಟಿದ್ದೆ, ಬಲ್ಲೆ.

ನಾಳಗಳ ಮಾತು ಬಂದದ್ದಕ್ಕೆ ಇನ್ನೊಂದು. ನಮ್ಮ ಕಾಯಿಲೆಗೆ ಪೊನಾಟಿನಿಬ್ ಎಂಬ ಬಲವಾದ ಮಾತ್ರೆಯಿದೆ, ಅದು ವಿಇಜಿಎಫ್‌ನ ಗ್ರಾಹಕಗಳನ್ನೂ ತಡೆಯುತ್ತದೆ. ಅದನ್ನು ತೆಗೆದುಕೊಂಡ ಹಲವರಲ್ಲಿ ಅಪಧಮನಿ ಕಟ್ಟಿಕೊಂಡು, 2013ರಲ್ಲಿ ಅಮೆರಿಕದಲ್ಲಿ ಕೆಲಕಾಲ ಮಾರಾಟವನ್ನೇ ನಿಲ್ಲಿಸಿದ್ದರು. ವಿಇಜಿಎಫ್ ಶತ್ರುವೇನಲ್ಲ. ನಮ್ಮ ಒಳ್ಳೆಯ ನಾಳಗಳಿಗೂ ಅದು ಬೇಕು.

ಕುತೂಹಲಿ

ಹಾಗಾದರೆ ಇಷ್ಟು ವರ್ಷದ ಸಂಶೋಧನೆಯೆಲ್ಲ ನೀರಿನಲ್ಲಿ ಹೋಮವೇ?

ಗಾಜುಪಟ್ಟಿ

ಖಂಡಿತ ಅಲ್ಲ. ಕಣ ಒಂಟಿಯಾಗಿ ಬದುಕುವುದಿಲ್ಲ, ಸುತ್ತಲಿನ ನಾಳ, ಪೋಷಕ ಕಣಗಳ ಜೊತೆ ಮಾತಾಡಿಕೊಂಡು ಬದುಕುತ್ತದೆ ಎಂಬ ತಿಳಿವಳಿಕೆ ಗಟ್ಟಿಯಾದದ್ದೇ ಇಂತಹ ಕೆಲಸದಿಂದ. ಸಿಎಲ್‌ಎಲ್‌ಗೆ ಇಬ್ರುಟಿನಿಬ್ ಎಂಬ ಔಷಧ ಕೊಟ್ಟಾಗ ಗ್ರಂಥಿ ಕುಗ್ಗಿ ರಕ್ತದಲ್ಲಿ ಲಿಂಫೋಸೈಟ್ ಕೆಲಕಾಲ ಏರುತ್ತದಲ್ಲ, ಅದು ಕಣಗಳನ್ನು ಮನೆಯಿಂದ ಹೊರದಬ್ಬಿದ್ದರ ಗುರುತು. ಸಂಶೋಧನೆಯ ಮೇಜಿನಲ್ಲಿ ವಿಇಜಿಎಫ್‌ಗೆ ಜಾಗವಿದೆ. ನನ್ನ ಸಿಟ್ಟೆಲ್ಲ ಅದನ್ನು ಪ್ಯಾಕೇಜ್ ಮಾಡಿ, ಕೆಂಪು ಬಾಣ ಹಚ್ಚಿ, ಹೆದರಿದವರಿಗೆ ಮಾರುವವರ ಮೇಲೆ. ಆ ಹಾಳೆಯ ತಳದಲ್ಲಿ ‘ಸಂಶೋಧನೆಗೆ ಮಾತ್ರ’ ಎಂದು ಸಣ್ಣಕ್ಷರದಲ್ಲಿ ಇದೆಯೇ, ನೋಡಿ.

ನಿದ್ದೆಗೆಟ್ಟವಳು

ಐದು ದಿನ ಸುಮ್ಮನಿದ್ದೆ, ಕ್ಷಮಿಸಿ. ಒಂದೊಂದಾಗಿ ಹೇಳುತ್ತೇನೆ.

ಸಣ್ಣಕ್ಷರ ಇದೆ. ಮುಚ್ಚಳ ಕೆಂಪು. ಸಂಜೆ ಮನೆಗೆ ಬಂದು ತೆಗೆದುಕೊಂಡು ಹೋದ ರಕ್ತ, ಬೇರ್ಪಡಿಸಿದ್ದು ಯಾವಾಗ ಎಂದು ಕೇಳಿದರೆ ಪ್ರಯೋಗಾಲಯದವರ ಬಳಿ ಉತ್ತರವಿಲ್ಲ. ಅದಕ್ಕೆ ಒಂಬತ್ತು ದಿನ ಮುಂಚೆ ಅಪ್ಪನಿಗೆ ಎರಡು ದವಡೆ ಹಲ್ಲು ಕೀಳಿಸಿದ್ದೆವು, ಒಂದು ಕಡೆ ಕೀವಾಗಿತ್ತು. ಗಾಜುಪಟ್ಟಿ ಅವರು ಗಾಯದ ಬಗ್ಗೆ ಕೇಳಿದಾಗ ಹಲ್ಲು ನನ್ನ ನೆನಪಿಗೇ ಬಂದಿರಲಿಲ್ಲ.

ನಿನ್ನೆ ವೈದ್ಯರ ಬಳಿ ಹೋಗಿದ್ದೆವು. ಬೈಯುತ್ತಾರೆಂದುಕೊಂಡಿದ್ದೆ. ಅವರು ರಿಪೋರ್ಟ್ ಮಗುಚಿ ಹಾಕಿ, ಖಾಲಿ ಬೆನ್ನ ಮೇಲೆ ಪೆನ್ನಿನಿಂದ ಬರೆದರು. ಟಿಪಿ53 ಸರಿಯಿದೆ, 0. ಐಜಿಹೆಚ್‌ವಿ ರೂಪಾಂತರಗೊಂಡಿದೆ, 0. ಬೀಟಾ-2 2.4, ಅದಕ್ಕೂ 0. ಹಂತಕ್ಕೆ 0. ವಯಸ್ಸಿಗೆ 1. ಕೆಳಗೆ ಗೆರೆ ಎಳೆದು ‘ಒಟ್ಟು 1’ ಎಂದು ಬರೆದು ಅಪ್ಪನ ಕೈಗೆ ಕೊಟ್ಟರು. ಅಪ್ಪ ಅದನ್ನು ನೋಡಿ, ‘ಆ ಒಂದು ಅಂಕ ನಾನು ಹುಟ್ಟಿದ ತಪ್ಪಿಗೆ’ ಎಂದರು. ವಿಇಜಿಎಫ್ ಮತ್ತೆ ಮಾಡಿಸಬೇಕೇ ಎಂದು ಕೇಳಿದೆ. ‘ಅದು ಇನ್ನೂರು ಬಂದರೂ ಸಾವಿರ ಬಂದರೂ ನಾನು ಮಾಡುವುದು ಇದನ್ನೇ’ ಎಂದು ಪಕ್ಕೆಲುಬಿನ ಕೆಳಗೆ ಗುಲ್ಮ (ಸ್ಪ್ಲೀನ್) ಊದಿ ಕೈಗೆ ಸಿಗುತ್ತದೆಯೇ ಎಂದು ಒತ್ತಿ ನೋಡಿದರು. ಸಿಗಲಿಲ್ಲ.

ಅಪ್ಪನಿಗೊಂದು ನೋಟ್‌ಬುಕ್ ಇದೆ. ಪ್ರತಿ ಭೇಟಿಗೂ ತಾರೀಖು, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಲಿಂಫೋಸೈಟ್ ಎಂದು ನಾಲ್ಕು ಅಂಕಣ ಎಳೆದಿದ್ದಾರೆ. ಲಿಂಫೋಸೈಟ್ 18,400, 19,100, 18,700, ಈಗ 19,600. ಆರು ತಿಂಗಳೊಳಗೆ ದುಪ್ಪಟ್ಟಾದರೆ ಮಾತ್ರ ಗಮನಿಸಬೇಕಾದ ಸಂಗತಿ ಎಂದು ಅಪ್ಪನೇ ನನಗೆ ವಿವರಿಸಿದರು. 612ನ್ನು ಎಲ್ಲಿ ಬರೆಯುತ್ತೀರಿ ಎಂದೆ. ಅಂಕಣ ಇಲ್ಲ ಎಂದು ನೋಟ್‌ಬುಕ್ ಮುಚ್ಚಿದರು.

ಎಂಟನೆಯ ವರ್ಷ

ಒಳ್ಳೆಯ ಸುದ್ದಿ ತಂಗೀ. ಒಂದು ಮಾತು, ಇದನ್ನು ನನಗೆ ಮೂರನೆಯ ವರ್ಷದವರೆಗೂ ಯಾರೂ ಹೇಳಿರಲಿಲ್ಲ. ಸಿಎಲ್‌ಎಲ್ ಇರುವವರಿಗೆ ರೋಗನಿರೋಧಕ ಶಕ್ತಿ ಕಡಿಮೆ, ಸೋಂಕೇ ದೊಡ್ಡ ತೊಂದರೆ. ಫ್ಲೂ, ನ್ಯುಮೋನಿಯಾ ಲಸಿಕೆಗಳ ಬಗ್ಗೆ ಕೇಳಿ. ಜೀವಂತ ರೋಗಾಣು ಇರುವ ಲಸಿಕೆ ಮಾತ್ರ ಬೇಡ. ಹಲ್ಲಿನಲ್ಲಿ ಕೀವಾಗಿತ್ತು ಎಂದಿರಲ್ಲ, ನನಗೆ 612ಕ್ಕಿಂತ ಅದು ಹೆಚ್ಚು ಚುಚ್ಚಿತು.

ನಿದ್ದೆಗೆಟ್ಟವಳು

ಲಸಿಕೆಯ ವಿಷಯ ನಮ್ಮಲ್ಲಿ ಚರ್ಚೆಗೇ ಬಂದಿಲ್ಲ ಅಣ್ಣಾ. ನಾಳೆ ಬೆಳಿಗ್ಗೆಯೇ ಫೋನ್ ಮಾಡಿ ಕೇಳುತ್ತೇನೆ.